ಬಳ್ಳಿಯ ರಕ್ತ ಮೊದಲು ಕೂಸಿಗೆ, ಆಮೇಲೆ ಬ್ಯಾಂಕಿಗೆ

ಬಸುರಿಗೆ ಏಳು ತುಂಬುವ ಹೊತ್ತಿಗೆ ಮನೆಗೆ ಎರಡು ಸುದ್ದಿ ಬರುತ್ತವೆ. ತವರಿನಿಂದ ಕುಬಸದ ಮಾತು, ಮತ್ತೆಲ್ಲಿಂದಲೋ ಒಂದು ಫೋನು. ಕುಬಸ ನಮ್ಮ ಕಡಗಂಚಿ, ಆಳಂದ ಕಡೆಯವರಿಗೆ ಹೊಸದಲ್ಲ. ಹಸಿರು ಸೀರೆ, ಹಸಿರು ಬಳೆ, ಬಗೆಬಗೆಯ ಬುತ್ತಿ. ಫೋನು ಮಾತ್ರ ಹೊಸದು, ಬಳ್ಳಿಯ ರಕ್ತ ಕೂಡಿಡುವ ಖಾಸಗಿ ಬ್ಯಾಂಕಿನದು. ಬಲು ನಯವಾದ ದನಿ. “ಮೇಡಂ, ಮಗುವಿನ ಹೊಕ್ಕುಳಬಳ್ಳಿಯ ರಕ್ತ ಸುಮ್ಮನೆ ಕಸಕ್ಕೆ ಹೋಗಲು ಬಿಡುತ್ತೀರಾ? ಎಷ್ಟೊಂದು ಕಾಯಿಲೆಗೆ ಅದು ಔಷಧ! ತಿಂಗಳಿಗೆ ಇಷ್ಟು ಕಟ್ಟಿದರೆ ಸಾಕು, ಮಗುವಿನ ಭವಿಷ್ಯ ಭದ್ರ” ಎನ್ನುತ್ತದೆ. ಫೋನಿಟ್ಟ ಮೇಲೆ ನಿಮಗೆ ನಿದ್ದೆ ಬರುವುದಿಲ್ಲ. ಬೇಡವೆಂದರೆ ಹೆತ್ತ ಕೂಸಿಗೇ ಅನ್ಯಾಯ ಮಾಡಿದಂತೆ ಅನ್ನಿಸುತ್ತದೆ.

ಮೊದಲು ಒಂದು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನೀವು ಬಸುರಿ ಅನ್ನುವುದು ಅವರಿಗೆ ಗೊತ್ತಾಗಿದ್ದು ಹೇಗೆ? ಕೂಸಿನ ಬಟ್ಟೆ ಅಂಗಡಿಯ ಲಕ್ಕಿ ಡ್ರಾ ಚೀಟಿಯಲ್ಲಿ, ಮೊಬೈಲಿನ ಬಸುರಿಯರ ಆ್ಯಪಿನಲ್ಲಿ, ಕೇಳಿದ ಕಡೆಯೆಲ್ಲ ಹೆರಿಗೆ ದಿನಾಂಕದ ಸಮೇತ ನಂಬರು ಬರೆದುಕೊಟ್ಟು ಬಂದವರು ನೀವೇ ಅಲ್ಲವೆ? ಗಂಡನ ಮನೆಯವರಿಗೆ ಹೇಳಲು ಮೂರು ತಿಂಗಳು ಕಾಯುತ್ತೀರಿ, ಅಂಗಡಿಯವನಿಗೆ ಮೊದಲ ದಿನವೇ ಹೇಳುತ್ತೀರಿ. ಇನ್ನು ಮೇಲಾದರೂ ಕೈ ಹಿಡಿದು ಬರೆಯಿರಿ. ಫೋನಿನಲ್ಲಿ ಯಾರಿಗೂ “ಆಯ್ತು” ಅನ್ನಬೇಡಿ, ಅಡ್ವಾನ್ಸ್ ಎಂದು ಐನೂರು ರೂಪಾಯಿಯನ್ನೂ ಹಾಕಬೇಡಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಹಿರಿಯರು ನಕ್ಕಿದ್ದು ಇಂಥ ಅವಸರಕ್ಕೇ.

ಹಾಗಂತ ಬಳ್ಳಿಯ ರಕ್ತದ ಸಂಗತಿಯೇ ಸುಳ್ಳು ಎಂದು ತಿಳಿಯಬೇಡಿ. ನಮ್ಮ ಮೂಳೆಯ ಮಜ್ಜೆಯೊಳಗೆ ರಕ್ತ ಹುಟ್ಟಿಸುವ ಆಕರಕೋಶಗಳಿರುತ್ತವೆ, ಸ್ಟೆಮ್ ಸೆಲ್ ಎಂದು ಎಲ್ಲರೂ ಅನ್ನುವುದು ಅವನ್ನೇ. ಅದೇ ಕೋಶಗಳು ಹುಟ್ಟುವ ಕೂಸಿನ ಬಳ್ಳಿಯಲ್ಲೂ ಮಾಸಿನಲ್ಲೂ ಉಳಿದ ರಕ್ತದಲ್ಲಿ ಸಮೃದ್ಧವಾಗಿವೆ. ಮಜ್ಜೆ ಕೆಟ್ಟ ರೋಗಿಗೆ ಅವನ್ನು ಹಾಕಿದರೆ ಮೂಳೆಯೊಳಗೆ ಹೋಗಿ ನೆಲೆಸಿ ಹೊಸ ರಕ್ತ ಮಾಡತೊಡಗುತ್ತವೆ. ಇದನ್ನು ಮೊದಲು ಮಾಡಿ ತೋರಿಸಿದ್ದು 1988ರ ಅಕ್ಟೋಬರಿನಲ್ಲಿ, ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ, ಎಲಿಯಾನ್ ಗ್ಲಕ್‌ಮನ್ ಎಂಬ ವೈದ್ಯೆ. ಫ್ಯಾಂಕೋನಿ ಅನೀಮಿಯಾ ಎಂಬ ಹುಟ್ಟುರೋಗದ ಅಮೆರಿಕದ ಪುಟ್ಟ ಹುಡುಗನಿಗೆ ಆಗತಾನೆ ಹುಟ್ಟಿದ ತಂಗಿಯ ಬಳ್ಳಿಯ ರಕ್ತವನ್ನು ಅಮೆರಿಕದಲ್ಲೇ ಹಿಮಗಟ್ಟಿಸಿ, ಪ್ಯಾರಿಸ್ಸಿಗೆ ಒಯ್ದು ಹಾಕಿದರು. ಹುಡುಗ ಬದುಕಿದ, ಬೆಳೆದು ದೊಡ್ಡವನಾದ. ಅಲ್ಲಿಂದ ಇಲ್ಲಿಗೆ ಜಗತ್ತಿನಲ್ಲಿ 40,000ಕ್ಕೂ ಹೆಚ್ಚು ಜನಕ್ಕೆ ಹೀಗೆ ಬಳ್ಳಿಯ ರಕ್ತ ಹಾಕಿದ್ದಾರೆ.

ಈ ಕಥೆಯಲ್ಲಿ ಒಂದನ್ನು ಗಮನಿಸಿ. ರಕ್ತ ತಂಗಿಯದು, ಬದುಕಿದ್ದು ಅಣ್ಣ. ಫೋನಿನ ದನಿ ನಿಮಗೆ ಹೇಳದೆ ಬಿಡುವುದು ಇದನ್ನೇ.

ನಿಮ್ಮ ಕೂಸಿನ ರಕ್ತ ನಿಮ್ಮ ಕೂಸಿಗೇ ಕೆಲಸಕ್ಕೆ ಬರುವ ಸಂದರ್ಭ ತೀರಾ ವಿರಳ. ಕಾರಣ ಕಷ್ಟದ್ದೇನಲ್ಲ. ತಲಸ್ಸೇಮಿಯಾ, ಸಿಕಲ್ ಸೆಲ್ ಎನ್ನುವ ಕುಡಗೋಲು ಕಣದ ರೋಗ, ಇಂಥ ರಕ್ತದ ಕಾಯಿಲೆಗಳು ಹುಟ್ಟಿನಿಂದಲೇ ಬರುವವು. ಮಜ್ಜೆಯಲ್ಲಿರುವ ಅದೇ ದೋಷ ಬಳ್ಳಿಯ ರಕ್ತದಲ್ಲೂ ಇರುತ್ತದೆ. ಕೆಟ್ಟ ಬೀಜವನ್ನು ಜೋಪಾನ ಮಾಡಿಟ್ಟು ಮುಂದಿನ ಮಳೆಗೆ ಅದನ್ನೇ ಬಿತ್ತಿದರೆ ಬೆಳೆ ಬದಲಾದೀತೆ? ಚಿಕ್ಕ ಮಕ್ಕಳ ರಕ್ತದ ಕ್ಯಾನ್ಸರಿಗೂ ಮಗುವಿನದೇ ಬಳ್ಳಿಯ ರಕ್ತ ಬಳಸಲು ವೈದ್ಯರು ಹಿಂಜರಿಯುತ್ತಾರೆ, ಕ್ಯಾನ್ಸರಿನ ಮೊಳಕೆ ಹುಟ್ಟುವಾಗಲೇ ಆ ರಕ್ತದಲ್ಲಿ ಇದ್ದಿರಬಹುದು ಎಂದು. ಇಪ್ಪತ್ತು ವರ್ಷ ತುಂಬುವುದರೊಳಗೆ ತನ್ನದೇ ಬಳ್ಳಿಯ ರಕ್ತ ತನಗೆ ಬೇಕಾಗುವ ಸಂಭವ ಶೇಕಡ 0.04ರಿಂದ 0.0005 ಎಂದು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2018ರಲ್ಲಿ ಹೇಳಿತು. ಬಿಡಿಸಿ ಹೇಳಿದರೆ ಹೆಚ್ಚೆಂದರೆ ಎರಡೂವರೆ ಸಾವಿರ ಮಕ್ಕಳಲ್ಲಿ ಒಬ್ಬರಿಗೆ, ಕಡಿಮೆಯೆಂದರೆ ಎರಡು ಲಕ್ಷದಲ್ಲಿ ಒಬ್ಬರಿಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಐಸಿಎಂಆರ್, ಇನ್ನೂ ನೇರ. ಮುಂದೆಂದೋ ತನಗೇ ಬೇಕಾದೀತೆಂದು ಖಾಸಗಿಯಾಗಿ ಕೂಡಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂಬುದು ಅದರ ನಿಲುವು. ಈ ಮಾತನ್ನು ನಿಮ್ಮ ಯಜಮಾನರಿಗೂ ಓದಿ ಹೇಳಿ, ಬೆಂಗಳೂರಿನಿಂದ ಬುದ್ಧಿ ಹೇಳುವ ನಾದಿನಿಗೂ ಓದಿ ಹೇಳಿ.

“ಎಷ್ಟ್ ರೊಕ್ಕ ಹೋಗ್ಲಿ ಬಿಡ್ರಿ, ಕೂಸಿಗಿಂತ ಹೆಚ್ಚೇನ್ರಿ” ಎನ್ನುವ ಅಜ್ಜಂದಿರಿದ್ದಾರೆ. ಪ್ರೀತಿಯ ಮಾತು, ತಲೆ ಮೇಲೆ ಇಟ್ಟುಕೊಳ್ಳೋಣ. ಆದರೆ ಆ ರೊಕ್ಕ ಐವತ್ತು ಸಾವಿರದಿಂದ ಶುರುವಾಗಿ ಲಕ್ಷ ದಾಟಿಯೂ ಹೋಗುತ್ತದೆ. ತೊಗರಿ ರಾಶಿಯ ಹಣ ಬರುವ ಮುಂಚೆಯೇ ಕಂತಿಗೆ ಸಹಿ ಹಾಕಿ ಕೂತವರು ನಮ್ಮಲ್ಲಿದ್ದಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಅದೇ ಹಣದಲ್ಲಿ ಬಾಣಂತಿಗೆ ಆರು ತಿಂಗಳು ಹಾಲು, ತತ್ತಿ, ಸೊಪ್ಪು, ಹಣ್ಣು ಬಂದರೆ ಕೂಸಿನ ರಕ್ತಕ್ಕೆ ಅದಕ್ಕಿಂತ ದೊಡ್ಡ ಭದ್ರತೆ ಇಲ್ಲ.

ರಕ್ತ ತೆಗೆಯುವುದು ಹೇಗೆ ಅನ್ನುವುದನ್ನೂ ತಿಳಿದುಕೊಳ್ಳಿ, ತಿಳಿಯದೆ ಹೌದೂ ಅನ್ನಬೇಡಿ, ಅಲ್ಲವೂ ಅನ್ನಬೇಡಿ. ಕೂಸು ಹೊರಬಂದು ಬಳ್ಳಿಗೆ ಕ್ಲ್ಯಾಂಪ್ ಹಾಕಿ ಕತ್ತರಿಸಿದ ಮೇಲೆ, ಮಾಸು ಸಾಮಾನ್ಯವಾಗಿ ಇನ್ನೂ ಒಳಗಿರುವಾಗಲೇ, ತಾಯಿಯ ಕಡೆ ಉಳಿದ ಬಳ್ಳಿಯನ್ನು ಔಷಧದಿಂದ ಒರೆಸಿ ಅದರ ದೊಡ್ಡ ರಕ್ತನಾಳಕ್ಕೆ ದಪ್ಪ ಸೂಜಿ ಚುಚ್ಚುತ್ತಾರೆ. ಚೀಲವನ್ನು ಮಂಚಕ್ಕಿಂತ ಕೆಳಗೆ ಹಿಡಿದರೆ ರಕ್ತ ತಾನಾಗಿ ಇಳಿಯುತ್ತದೆ. ಚೀಲದಲ್ಲಿ ಮೊದಲೇ ಹೆಪ್ಪುಗಟ್ಟದಂತೆ ತಡೆಯುವ ದ್ರಾವಣ ಇರುತ್ತದೆ. ಅದು ಬೆರೆಯಲೆಂದು ನರ್ಸಬಾಯಿ ಚೀಲವನ್ನು ಅಂಗೈ ಮೇಲೆ ಮೆಲ್ಲಗೆ ಆಡಿಸುತ್ತಿರುತ್ತಾಳೆ. ಮೂರರಿಂದ ಐದು ನಿಮಿಷ. ನೀಲಿಗಟ್ಟಿ ಉಬ್ಬಿದ್ದ ಬಳ್ಳಿ ನೋಡನೋಡುತ್ತಲೇ ಬೆಳ್ಳಗಾಗಿ ಜೋತುಬೀಳುತ್ತದೆ, ಅಲ್ಲಿಗೆ ಮುಗಿಯಿತು. ತಾಯಿಗೂ ನೋವಿಲ್ಲ, ಕೂಸಿಗೂ ನೋವಿಲ್ಲ. ಸಿಗುವುದು ಐವತ್ತರಿಂದ ನೂರು, ಹೆಚ್ಚೆಂದರೆ ನೂರೈವತ್ತು ಮಿಲಿಲೀಟರು. ಜೊತೆಗೆ ತಾಯಿಯ ತೋಳಿನಿಂದಲೂ ಒಂದಷ್ಟು ರಕ್ತ ತೆಗೆದು ಎಚ್‌ಐವಿ, ಕಾಮಾಲೆಯ ಬಿ ಮತ್ತು ಸಿ, ಸಿಫಿಲಿಸ್‌ನಂಥ ಸೋಂಕುಗಳಿಗೆ ಪರೀಕ್ಷೆ ಮಾಡುತ್ತಾರೆ.

ಆಮೇಲೆ ಆ ಚೀಲ ಕೋಣೆಯ ಶಾಖದಲ್ಲೇ ಪ್ರಯೋಗಾಲಯ ಮುಟ್ಟಬೇಕು, ಸಾಮಾನ್ಯವಾಗಿ 48 ಗಂಟೆಯೊಳಗೆ ಅದನ್ನು ಸಂಸ್ಕರಿಸುವುದು ಒಳ್ಳೆಯದು. ಅಲ್ಲಿ ಕೆಂಪುಕಣ, ಪ್ಲಾಸ್ಮಾ ಬೇರ್ಪಡಿಸಿ, ಕೋಶಗಳನ್ನು ಎಣಿಸಿ, ಹಿಮದ ಹರಳು ಕೋಶವನ್ನು ಸೀಳದಂತೆ ರಕ್ಷಿಸುವ ದ್ರಾವಣ ಬೆರೆಸಿ, ನಿಮಿಷಕ್ಕೆ ಒಂದು ಡಿಗ್ರಿಯ ಲೆಕ್ಕದಲ್ಲಿ ನಿಧಾನವಾಗಿ ತಣಿಸುತ್ತಾರೆ. ಕೊನೆಗೆ ಇಡುವುದು ದ್ರವ ಸಾರಜನಕದ ತೊಟ್ಟಿಯಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಹಾಗಿಟ್ಟರೆ ಇಪ್ಪತ್ತು ವರ್ಷ ಕಳೆದರೂ ಕೋಶಗಳು ಜೀವಂತ ಇರುತ್ತವೆ ಎಂದು ಗೊತ್ತಾಗಿದೆ. ಶರತ್ತು ಒಂದೇ, ಆ ಥಂಡಿ ಒಂದು ದಿನವೂ ತಪ್ಪಬಾರದು. 2023ರ ನವೆಂಬರಿನಲ್ಲಿ ಸಿಂಗಾಪುರದ ಆರೋಗ್ಯ ಸಚಿವಾಲಯ ಅಲ್ಲಿನ ಒಂದು ಖಾಸಗಿ ಬ್ಯಾಂಕಿನ ಏಳು ತೊಟ್ಟಿಗಳಲ್ಲಿ ಶಾಖ ಮಿತಿಮೀರಿದ್ದನ್ನು ಬಯಲಿಗೆ ತಂದಿತು. ಸುಮಾರು 2,200 ಚೀಲ ಹಾಳಾಗಿದ್ದವು. ಅಷ್ಟು ಶಿಸ್ತಿನ ಊರಿನಲ್ಲೇ ಹೀಗಾದ ಮೇಲೆ ಕಾಗದದ ಮೇಲಿನ “ಎಪ್ಪತ್ತೈದು ವರ್ಷ ಗ್ಯಾರಂಟಿ”ಯನ್ನು ಎಷ್ಟು ನಂಬಬೇಕು ಎಂದು ನೀವೇ ತೂಗಿ ನೋಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕಸಕ್ಕೆ ಹೋಗುವ ರಕ್ತ ಅನ್ನುತ್ತಾರಲ್ಲ, ಅದು ಕಸಕ್ಕೆ ಹೋಗಬೇಕಾದ್ದೇ ಅಲ್ಲ. ಅದು ಕೂಸಿನದು. ಕೂಸು ಹುಟ್ಟಿದ ಮೇಲೂ ಬಳ್ಳಿ ಸ್ವಲ್ಪ ಹೊತ್ತು ಮಿಡಿಯುತ್ತಿರುತ್ತದೆ, ಮಾಸಿನಲ್ಲಿರುವ ರಕ್ತ ಕೂಸಿನ ಮೈಗೆ ಇಳಿಯುತ್ತಲೇ ಇರುತ್ತದೆ. ಮೊದಲ ನಿಮಿಷದಲ್ಲೇ ಸುಮಾರು 80 ಮಿಲಿಲೀಟರು, ಮೂರು ನಿಮಿಷಕ್ಕೆ ನೂರರ ಹತ್ತಿರ. ಮೂರು ಕಿಲೊ ಕೂಸಿನ ಮೈಯಲ್ಲಿ ಒಟ್ಟು ರಕ್ತವೇ ಕಾಲು ಲೀಟರಿನ ಆಸುಪಾಸು. ಎಂಬತ್ತು ಅಂದರೆ ಮೂರರಲ್ಲೊಂದು ಪಾಲು ಆಯಿತಲ್ಲ! ಆ ರಕ್ತದ ಕಬ್ಬಿಣಾಂಶ ಕೂಸಿಗೆ ಮೊದಲ ಆರು ತಿಂಗಳು ಆಸರೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಬಳ್ಳಿಯನ್ನು ಒಂದು ನಿಮಿಷದ ಒಳಗೆ ಕತ್ತರಿಸಬೇಡಿ, ಒಂದರಿಂದ ಮೂರು ನಿಮಿಷ ತಡೆಯಿರಿ ಎನ್ನುತ್ತದೆ. ನಮ್ಮ ಸರಕಾರ 2018ರಲ್ಲಿ ಶುರುಮಾಡಿದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲೂ ಇದು ಸೇರಿದೆ. ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಶೇಕಡ 65ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಮೂರು ಮಕ್ಕಳಲ್ಲಿ ಇಬ್ಬರು! ಇಂಥ ನಾಡಿನಲ್ಲಿ ಕೂಸಿನ ಪಾಲಿನ ರಕ್ತವನ್ನು ಅವಸರದಿಂದ ಕಡಿದು ಚೀಲ ತುಂಬಿಸುವುದು ಯಾವ ಜಾಣತನ? ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆಯಿಲ್ಲ, ಹಿತ್ತಲ ಗಿಡ ಮದ್ದಲ್ಲ.

ಆದ್ದರಿಂದ ಹೆರಿಗೆಗೆ ಆಳಂದಕ್ಕೆ ಹೋಗಿ, ಕಲಬುರಗಿಗೆ ಹೋಗಿ, ಸೊಲ್ಲಾಪುರದ ತವರಿಗೇ ಹೋಗಿ, ಮುಂಚೆಯೇ ವೈದ್ಯರಿಗೆ ಹೇಳಿಡಿ: “ಬಳ್ಳಿ ಕತ್ತರಿಸಾಕ ಒಂದೆರಡ್ ನಿಮಿಷ ತಡೀರಿ, ಕೂಸಿನ ಪಾಲು ಕೂಸಿಗಿರ್ಲಿ.” ಹೇಳಲು ನಾಚಿಕೆ ಬೇಡ. ಒಂದು ಮಾತು ಮಾತ್ರ ನೆನಪಿಡಿ: ಕೂಸು ಅಳದಿದ್ದರೆ, ಉಸಿರು ಹಿಡಿಯದಿದ್ದರೆ, ತಾಯಿಗೆ ರಕ್ತಸ್ರಾವ ಜಾಸ್ತಿಯಾದರೆ ವೈದ್ಯರು ತಕ್ಷಣ ಕತ್ತರಿಸಿಯಾರು. ಆಗ ಗಡಿಯಾರ ತೋರಿಸಿ ವಾದ ಮಾಡಬೇಡಿ. ಚೀಲದ ಮಾತಂತೂ ಎತ್ತಲೇಬೇಡಿ. ಹೆರಿಗೆ ಕೋಣೆಯ ಬಾಗಿಲಲ್ಲಿ ಥರ್ಮಾಕೋಲ್ ಡಬ್ಬಿ ಹಿಡಿದು ನಿಂತು, ತಾಯಿ ಹೇಗಿದ್ದಾಳೆ ಎಂದು ಕೇಳುವ ಮೊದಲು “ಎಷ್ಟು ಎಂ.ಎಲ್. ಬಂತು ಸಿಸ್ಟರ್” ಎಂದು ಕೇಳುವ ಗಂಡಂದಿರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಇಷ್ಟು ಹೇಳಿದವಳು ಈಗ ತಿರುಗಿ ಹೇಳುತ್ತೇನೆ. ಕೆಲವು ಮನೆಗಳಲ್ಲಿ ಬಳ್ಳಿಯ ರಕ್ತ ತೆಗೆದಿಡುವುದು ಒಳ್ಳೆಯದು, ಅಲ್ಲಿ ಉದಾಸೀನ ಮಾಡುವುದೇ ತಪ್ಪು. ಅಣ್ಣನಿಗೋ ಅಕ್ಕನಿಗೋ ತಲಸ್ಸೇಮಿಯಾ ಇದೆ, ಕುಡಗೋಲು ಕಣದ ರೋಗ ಇದೆ, ಮಜ್ಜೆ ಒಣಗಿದೆ, ರಕ್ತದ ಕ್ಯಾನ್ಸರಿದೆ, ಈಗ ತಾಯಿ ಮತ್ತೆ ಬಸುರಿ. ಇಂಥ ಮನೆಯವರು ತೆಗೆದಿಡಬಹುದು ಎಂದು ಐಸಿಎಂಆರ್ ಕೂಡ ಒಪ್ಪುತ್ತದೆ. ತಲಸ್ಸೇಮಿಯಾ ಮೇಜರ್ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು; ಹಾಕಿಸಿದ ರಕ್ತದ ಕಬ್ಬಿಣ ಹೃದಯ, ಯಕೃತ್ತಿನಲ್ಲಿ ಕೂಡದಂತೆ ದಿನಾ ಮಾತ್ರೆ ನುಂಗಿಸಬೇಕು. ಬೆಳಗಿನ ಬಸ್ಸಿಗೆ ಮಗುವನ್ನು ಎತ್ತಿಕೊಂಡು ಕಲಬುರಗಿಗೆ ಹೋಗಿ ಸಂಜೆ ತಿರುಗಿ ಬರುವ ತಾಯಂದಿರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಆ ಮಗುವಿಗೆ ರೋಗ ಬೇರುಸಹಿತ ಹೋಗುವ ರೂಢಿಯ ದಾರಿ ಎಂದರೆ ಹೊಂದುವ ಮಜ್ಜೆ, ಇಲ್ಲವೆ ಹೊಂದುವ ಬಳ್ಳಿಯ ರಕ್ತ.

ಇಲ್ಲಿ ಲೆಕ್ಕ ಸರಿಯಾಗಿ ತಿಳಿಯಿರಿ. ಒಡಹುಟ್ಟಿದವರ ಎಚ್‌ಎಲ್‌ಎ, ಅಂದರೆ ಜೀವಕೋಶದ ಗುರುತು, ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಅಪ್ಪ ಅಮ್ಮ ಇಬ್ಬರೂ ತಲಸ್ಸೇಮಿಯಾ ವಾಹಕರಾದರೆ, ಅಂದರೆ ರೋಗವಿಲ್ಲದೆ ದೋಷವನ್ನಷ್ಟೇ ಹೊತ್ತವರಾದರೆ, ಹೊಸ ಕೂಸಿಗೂ ಅದೇ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ರೋಗವಿಲ್ಲದೆಯೂ ಹುಟ್ಟಬೇಕು, ಹೊಂದಲೂ ಬೇಕು ಎಂದರೆ ಹದಿನಾರರಲ್ಲಿ ಮೂರು. ಅದಕ್ಕೇ “ಇನ್ನೊಂದು ಹಡಿ, ಅಣ್ಣಗ ಆಗ್ತದ” ಎಂದು ಸೊಸೆಯನ್ನು ಪೀಡಿಸುವ ಅತ್ತೆಯವರಿಗೆ ಕೈಮುಗಿದು ಹೇಳುತ್ತೇನೆ, ಹಾಗೆ ಅನ್ನಬೇಡಿ. ಮತ್ತೊಂದು ಕೂಸು ಬೇಕೋ ಬೇಡವೋ ಎಂಬುದು ಹೆರುವವಳ ಮಾತು. ಬಸುರಾಗಿದ್ದರೆ ಹತ್ತರಿಂದ ಹನ್ನೆರಡನೆಯ ವಾರದಲ್ಲೇ ಪಿಂಡದ ಪರೀಕ್ಷೆ ಮಾಡಿಸಿ ರೋಗ ಇದೆಯೋ ಇಲ್ಲವೋ ತಿಳಿಯಬಹುದು. ಅದನ್ನು ಬಿಟ್ಟು ಎಂಟನೆಯ ತಿಂಗಳಲ್ಲಿ ಬಳ್ಳಿಯ ರಕ್ತದ ಬ್ಯಾಂಕು ಹುಡುಕುತ್ತ ಕೂತರೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತೆ.

ಇಂಥ ಮನೆಯವರು ಮೊದಲು ಮಾಡಬೇಕಾದ್ದು ಚೀಲದವರಿಗೆ ಫೋನಲ್ಲ. ರೋಗಿ ಮಗುವಿನ ವೈದ್ಯರ ಹತ್ತಿರ ಹೋಗಿ. ಮಗುವಿನದೂ ತಂದೆತಾಯಿಯದೂ ಇರುವ ಮಕ್ಕಳದೂ ಎಚ್‌ಎಲ್‌ಎ ಪರೀಕ್ಷೆ ಆಗಲಿ. ಎಷ್ಟೋ ಸಲ ಹೊಂದುವ ಮಗು ಮನೆಯಲ್ಲೇ ಆಡುತ್ತಿರುತ್ತದೆ, ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುವಂತೆ! ತಲಸ್ಸೇಮಿಯಾ ಮಕ್ಕಳ ಕುಟುಂಬಗಳಿಗೆ ಬೆಂಗಳೂರಿನ ಸಂಸ್ಥೆಗಳು ಈ ಪರೀಕ್ಷೆಯನ್ನು ಉಚಿತವಾಗಿ ಮಾಡಿಸಿಕೊಡುವ ಶಿಬಿರ ನಡೆಸುತ್ತವೆ, ವೈದ್ಯರನ್ನು ಕೇಳಿ. ಕಸಿ ಮಾಡುವ ಆಸ್ಪತ್ರೆಯ ವೈದ್ಯರು ಬಳ್ಳಿಯ ರಕ್ತ ತೆಗೆದಿಡಿ ಎಂದರೆ, ಎಲ್ಲಿ ತೆಗೆಯಬೇಕು, ಎಲ್ಲಿಗೆ ಕಳಿಸಬೇಕು, ಬಳ್ಳಿ ಎಷ್ಟು ಹೊತ್ತಿಗೆ ಕತ್ತರಿಸಬೇಕು ಎಂಬುದನ್ನು ಹೆರಿಗೆ ವೈದ್ಯರ ಜೊತೆ ಅವರೇ ಮಾತಾಡಲಿ. ಎಂಟು ತುಂಬುವ ಮೊದಲೇ ಈ ಮಾತು ಮುಗಿಯಬೇಕು. ದಿನ ತುಂಬುವ ಮುಂಚೆ ಹೆರಿಗೆಯಾದರೆ, ತಾಯಿಗೆ ಜ್ವರ, ಸೋಂಕು ಇದ್ದರೆ ರಕ್ತ ತೆಗೆಯಲಾಗದೆ ಹೋದೀತು, ಅದಕ್ಕೆ ಕಣ್ಣೀರು ಬೇಡ. ಹುಟ್ಟಿದ ಕೂಸು ಹೊಂದುತ್ತದೆ ಎಂದಾದರೆ ಅದು ಸ್ವಲ್ಪ ಬೆಳೆದ ಮೇಲೆ ಮಜ್ಜೆಯನ್ನೇ ತೆಗೆದು ಹಾಕಬಹುದು. 2020ರಲ್ಲಿ ಅಹಮದಾಬಾದಿನಲ್ಲಿ ಹಾಗೇ ಆಯಿತು: ತಂಗಿಯ ತೂಕ ಹತ್ತು ಕಿಲೊ ದಾಟುವ ತನಕ ಕಾದು, ಅವಳ ಮಜ್ಜೆಯನ್ನು ತಲಸ್ಸೇಮಿಯಾ ಇದ್ದ ಅಣ್ಣನಿಗೆ ಹಾಕಿದರು.

ಖರ್ಚಿಗೆ ಹೆದರಿ ಮನೆಯಲ್ಲೇ ಕೂರಬೇಡಿ. ಕೋಲ್ ಇಂಡಿಯಾದ ಹಣದಿಂದ 2017ರಲ್ಲಿ ಶುರುವಾದ ತಲಸ್ಸೇಮಿಯಾ ಬಾಲ ಸೇವಾ ಯೋಜನೆಯಲ್ಲಿ ಅರ್ಹ ಮಕ್ಕಳ ಕಸಿಗೆ 10 ಲಕ್ಷ ರೂಪಾಯಿವರೆಗೆ ನೆರವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ತಲಸ್ಸೇಮಿಯಾ, ಕುಡಗೋಲು ಕಣದ ರೋಗ ಎರಡೂ ಸೇರಿವೆ, ಪ್ರಮಾಣಪತ್ರ ಮಾಡಿಸಿಕೊಳ್ಳಿ. ಕಾಗದಪತ್ರ ಎಂದರೆ ನಮ್ಮ ಜನಕ್ಕೆ ಬೇಸರ. ಆಧಾರ್ ಒಂದು ಕಡೆ, ತಾಯಿ ಕಾರ್ಡು ಇನ್ನೊಂದು ಕಡೆ, ರಕ್ತ ಹಾಕಿಸಿದ ಚೀಟಿಗಳು ಹಿಟ್ಟಿನ ಡಬ್ಬಿಯ ಹಿಂದೆ. ಒಂದು ಫೈಲು ತನ್ನಿ, ತಾರೀಖಿನ ಪ್ರಕಾರ ಜೋಡಿಸಿಡಿ. ಅದಕ್ಕೇನು ಲಕ್ಷ ಬೇಕೆ?

ಮನೆಯಲ್ಲಿ ಯಾರಿಗೂ ರೋಗವಿಲ್ಲ, ಆದರೂ ನಮ್ಮ ಮನಸ್ಸು ಒಪ್ಪುವುದಿಲ್ಲ, ಕೈಯಲ್ಲಿ ರೊಕ್ಕವಿದೆ, ಇಡುತ್ತೇವೆ ಎನ್ನುವಿರಾ? ಇಡಿ, ನಿಮ್ಮ ಹಣ, ನಿಮ್ಮ ಇಷ್ಟ. ಕಣ್ಣು ಬಿಟ್ಟುಕೊಂಡು ಇಡಿ, ಅಷ್ಟೇ. ನಮ್ಮ ದೇಶದಲ್ಲಿ 2011ರ ಡಿಸೆಂಬರಿನಿಂದ ಈ ಬ್ಯಾಂಕುಗಳಿಗೆ ಔಷಧ ನಿಯಮಗಳ ಅಡಿ ಲೈಸೆನ್ಸ್ ಕಡ್ಡಾಯ, ಅದನ್ನು ತೋರಿಸಲು ಹೇಳಿ, ಅವಧಿ ಮುಗಿದಿಲ್ಲ ತಾನೆ ಎಂದು ನೋಡಿ. ಇಲ್ಲಿಯವರೆಗೆ ಎಷ್ಟು ಚೀಲ ಕೂಡಿಟ್ಟಿದ್ದೀರಿ ಎಂದು ಕೇಳಬೇಡಿ, ಅದನ್ನು ಅವರೇ ಹೇಳುತ್ತಾರೆ. ಎಷ್ಟು ಚೀಲ ನಿಜವಾಗಿ ರೋಗಿಗೆ ಹಾಕಲು ಹೊರಗೆ ಹೋಗಿವೆ, ಯಾವ ಕಾಯಿಲೆಗೆ, ಎಂದು ಕೇಳಿ. ಆ ಪ್ರಶ್ನೆಗೆ ದನಿಯ ನಯ ಸ್ವಲ್ಪ ಇಳಿಯುತ್ತದೆ. ಕಂಪನಿ ಮುಚ್ಚಿದರೆ ಚೀಲ ಯಾರ ಕೈಗೆ, ವರ್ಷದ ಬಾಡಿಗೆ ಏರುತ್ತದೆಯೋ, ಒಂದು ಕಂತು ತಪ್ಪಿದರೆ ಏನಾಗುತ್ತದೆ, ರಕ್ತ ಕಡಿಮೆ ಬಂದರೆ ಹಣ ವಾಪಸ್ಸೋ, ಇವಕ್ಕೆಲ್ಲ ಬಾಯಿಮಾತಿನ ಉತ್ತರ ಬೇಡ, ಕರಾರಿನಲ್ಲಿ ಯಾವ ಸಾಲಿನಲ್ಲಿದೆ ಎಂದು ಬೆರಳಿಟ್ಟು ತೋರಿಸಲಿ. ಇಂಗ್ಲಿಷಿನ ಕರಾರು ಓದಲು ಬಾರದಿದ್ದರೆ ನಮ್ಮ ಕಡಗಂಚಿಯಲ್ಲೇ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಓದಿ ಹೇಳುವ ಮಕ್ಕಳು ಅಲ್ಲಿ ಬೇಕಾದಷ್ಟಿದ್ದಾರೆ. ಆ ವಿಶ್ವವಿದ್ಯಾಲಯದ ಕ್ವಾರ್ಟರ್ಸಿನಲ್ಲಿರುವ ಓದಿದವರಿಗೂ ಒಂದು ಮಾತು: ಇಂಗ್ಲಿಷ್ ಬರುತ್ತದೆ ಎಂದ ಮಾತ್ರಕ್ಕೆ ಕರಾರು ಓದಿದಂತಾಗುವುದಿಲ್ಲ, ಓದಿ.

ಇಟ್ಟ ಮೇಲೆ ರಿಪೋರ್ಟು ಕೇಳಿ ಪಡೆಯಿರಿ. ಅದರಲ್ಲಿ ಒಟ್ಟು ಕೋಶ ಎಷ್ಟು, ಸಿಡಿ34 ಗುರುತಿನ ಆಕರಕೋಶ ಎಷ್ಟು, ಜೀವಂತ ಇರುವುದು ಶೇಕಡ ಎಷ್ಟು, ಸೋಂಕು ಇಲ್ಲ ಎಂಬ ಮಾತು, ನಾಲ್ಕೂ ಇರಬೇಕು. ಕಸಿಗೆ ರೋಗಿಯ ಪ್ರತಿ ಕಿಲೊ ತೂಕಕ್ಕೆ ಕನಿಷ್ಠ ಎರಡೂವರೆ ಕೋಟಿ ಕೋಶ ಬೇಕು ಎಂಬುದು ರೂಢಿಯ ಲೆಕ್ಕ. ಹತ್ತು ಕಿಲೊ ಮಗುವಿಗೆ ಸಾಕಾಗುವ ಚೀಲ ಅರವತ್ತು ಕಿಲೊದ ಅಪ್ಪನಿಗೆ ಸಾಲುವುದಿಲ್ಲ. “ಇಡೀ ಕುಟುಂಬಕ್ಕೆ ರಕ್ಷಣೆ, ಅಜ್ಜ ಅಜ್ಜಿಗೂ ಆಗುತ್ತದೆ” ಎಂದವರಿಗೆ ಈ ಲೆಕ್ಕ ಕೇಳಿ. ಬಳ್ಳಿಯ ತುಂಡು, ಮಾಸು, ಹಾಲುಹಲ್ಲು, ಮುಟ್ಟಿನ ರಕ್ತ ಎಂದೆಲ್ಲ ಸೇರಿಸಿ ದೊಡ್ಡ ಪ್ಯಾಕೇಜು ಮಾಡಿದರೆ ಎದ್ದು ಬನ್ನಿ. ಅವನ್ನು ಕೂಡಿಡಲು ಐಸಿಎಂಆರ್ ಒಪ್ಪಿಗೆಯೇ ಇಲ್ಲ. ಮಾತು ಬಾರದ ಮಗುವಿಗೆ, ನಡೆಯಲಾರದ ಮಗುವಿಗೆ ಸ್ಟೆಮ್ ಸೆಲ್ ಹಾಕಿ ಸರಿ ಮಾಡುತ್ತೇವೆ ಎನ್ನುವವರ ಬಾಗಿಲನ್ನೂ ತುಳಿಯಬೇಡಿ. ಆ ಮಕ್ಕಳ ತಂದೆತಾಯಿಯ ಆಸೆಯ ಮೇಲೆ ವ್ಯಾಪಾರ ಮಾಡುವುದು ಪಾಪದ ಕೆಲಸ.

ಬ್ಯಾಂಕಿನವರಿಂದ ಕಿಟ್ ಎಂದು ಒಂದು ಡಬ್ಬಿ ಮನೆಗೆ ಬರುತ್ತದೆ. ಅದನ್ನು ಫ್ರಿಜ್ಜಿನಲ್ಲಿ ತುರುಕಬೇಡಿ, ಗಾಡಿಯ ಡಿಕ್ಕಿಯಲ್ಲೂ ಬಿಡಬೇಡಿ. ನಮ್ಮ ಕಲಬುರಗಿಯ ಏಪ್ರಿಲ್, ಮೇ ಬಿಸಿಲು ನಲವತ್ತೆರಡು ಮುಟ್ಟುತ್ತದೆ, ಮನುಷ್ಯರೇ ಬಾಡುತ್ತಾರೆ, ಚೀಲದ ದ್ರಾವಣ ಏನು ಮಾಡೀತು? ಮನೆಯೊಳಗೆ ನೆರಳಿನಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ, ಅವಧಿ ದಿನಾಂಕ ನೋಡಿ. ನೋವು ಶುರುವಾದ ಕೂಡಲೇ, ಗಾಡಿ ಹತ್ತುವ ಮೊದಲೇ, ಅವರಿಗೆ ಫೋನು ಮಾಡಿ. ಆದರೆ 108ಕ್ಕೆ ಫೋನು ಮಾಡಿದ ಮೇಲೆ.

ದಾನವಾಗಿ ಕೊಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಒಳ್ಳೆಯ ಮನಸ್ಸು. ಸಾರ್ವಜನಿಕ ಬ್ಯಾಂಕಿಗೆ ಕೊಟ್ಟ ಚೀಲ ಹೊಂದುವ ಯಾವ ರೋಗಿಗಾದರೂ ಹೋಗುತ್ತದೆ, ಕೊಟ್ಟವರಿಗೆ ಖರ್ಚಿಲ್ಲ. ಆದರೆ ಅಂಥ ಬ್ಯಾಂಕುಗಳು ನಮ್ಮ ದೇಶದಲ್ಲಿ ಬಲು ಕಡಿಮೆ, ಇದ್ದವೂ ತಾವು ಒಪ್ಪಂದ ಮಾಡಿಕೊಂಡ ಆಸ್ಪತ್ರೆಗಳಲ್ಲಷ್ಟೇ ರಕ್ತ ತೆಗೆಯುತ್ತವೆ. ಇಲ್ಲಿ ಹೆತ್ತವರಿಗೆ ಅದಕ್ಕಿಂತ ಸುಲಭದ ದಾನ ಇನ್ನೊಂದಿದೆ. ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ನಿನಂಥ ನೋಂದಣಿ ಸಂಸ್ಥೆಗಳಲ್ಲಿ 18ರಿಂದ 55 ವರ್ಷದ ಆರೋಗ್ಯವಂತರು ಆಕರಕೋಶ ದಾನಕ್ಕೆ ಹೆಸರು ಬರೆಸಬಹುದು. ಕೆನ್ನೆಯ ಒಳಗೆ ಹತ್ತಿ ಕಡ್ಡಿ ಆಡಿಸಿ ಕಳಿಸಿದರೆ ಮುಗಿಯಿತು. ಎಂದಾದರೂ ಯಾರಿಗಾದರೂ ಹೊಂದಿದರೆ ಕರೆಯುತ್ತಾರೆ. ಹೆಸರು ಬರೆಸಿ ಆಮೇಲೆ ಕರೆದಾಗ ಹಿಂದೆ ಸರಿಯಬೇಡಿ. ಕೊಡುವ ದಿನ ಹತ್ತಿರ ಬರುವ ಹೊತ್ತಿಗೆ ರೋಗಿಯ ಹಳೆಯ ಮಜ್ಜೆಯನ್ನು ಔಷಧ ಕೊಟ್ಟು ಬರಿದು ಮಾಡಿರುತ್ತಾರೆ, ಆಗ ನೀವು ಕೈಕೊಟ್ಟರೆ ಅವರ ಜೀವ ಹೋದೀತು.

ಬಳ್ಳಿಯ ಮಾತು ಬಂದಾಗ ಇನ್ನೊಂದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಕತ್ತರಿಸಿದ ಮೇಲೆ ಹೊಕ್ಕುಳಲ್ಲಿ ಉಳಿದ ತುಂಡಿಗೆ ಎಣ್ಣೆ, ಅರಿಶಿನ, ಬೂದಿ, ಸಗಣಿ ಏನನ್ನೂ ಹಚ್ಚಬೇಡಿ. ಒಣಗಿರಲಿ, ಗಾಳಿಯಾಡಲಿ, ತಾನಾಗಿ ಉದುರುತ್ತದೆ. ಉದುರಿದ ತುಂಡನ್ನು ತಾಯತದಲ್ಲಿ ಕಟ್ಟುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಕಟ್ಟಿಕೊಳ್ಳಿ, ಕೂಸಿನ ಬಾಯಿಗೆ ಹೋಗದಂತೆ ನೋಡಿಕೊಂಡರೆ ಆಯಿತು.

ಕೊನೆಗೆ, ನಮ್ಮ ಭಾಗದವರಿಗೆ ಎಲ್ಲಕ್ಕಿಂತ ಬೇಕಾದ ಮಾತು. ನಮ್ಮಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ಇನ್ನೂ ಇದೆ. ಒಂದೇ ರಕ್ತದ ಇಬ್ಬರೂ ತಲಸ್ಸೇಮಿಯಾದ ಅದೇ ದೋಷದ ವಾಹಕರಾಗಿರುವ ಸಂಭವ ಹೊರಗಿನವರಿಗಿಂತ ಹೆಚ್ಚು. ವಾಹಕರು ನೋಡಲು ಗಟ್ಟಿಮುಟ್ಟಾಗೇ ಇರುತ್ತಾರೆ, ಪರೀಕ್ಷೆಯಿಲ್ಲದೆ ಗೊತ್ತಾಗುವುದಿಲ್ಲ. ಎಚ್‌ಬಿಎ2 ಎಂಬ ರಕ್ತಪರೀಕ್ಷೆ ಒಮ್ಮೆ ಮಾಡಿಸಿದರೆ ಜೀವಮಾನಕ್ಕೆ ಸಾಕು. ಚೀಲ ಕೂಡಿಡುವ ಖರ್ಚಿನ ಮುಂದೆ ಅದರ ಖರ್ಚು ಏನೂ ಅಲ್ಲ. ಮದುವೆಗೆ ಮುಂಚೆ ಮಾಡಿಸಿದರೆ ಉತ್ತಮ. ಮಾಡಿಸಿಲ್ಲವೆ, ಬಸುರಿ ಎಂದು ಗೊತ್ತಾದ ವಾರವೇ ಮಾಡಿಸಿ. ಹೆಂಡತಿಯದು ವಾಹಕ ಎಂದು ಬಂದರೆ ಗಂಡನೂ ಅದೇ ದಿನ ತೋಳು ಕೊಡಲಿ, “ನನಗೇನಾಗ್ಯದ, ನಾ ಯಾಕ ಬರ್ಲಿ” ಎಂದು ಮನೆಯಲ್ಲಿ ಕೂರಬಾರದು. ಈ ಸಲ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ತಾಯಿ ಕಾರ್ಡು ಕೈಗೆ ಕೊಟ್ಟು ಮೊದಲು ಇದನ್ನೇ ಕೇಳಿ: ನಮ್ಮಿಬ್ಬರ ಎಚ್‌ಬಿಎ2 ಎಲ್ಲಿ ಮಾಡಿಸಬೇಕು, ಯಾವಾಗ ಬರೋಣ?